ಫಾರ್ಮ್ಯಾಟ್ ಹೊಡೆಯುವ ಮುನ್ನ

ಬನಹಟ್ಟಿಯ ಈ ಓಣಿಯಲ್ಲಿ ದನಿ ಏರಿಸದೆ ಮಾತಾಡಿದರೆ ಎದುರಿಗಿದ್ದವರಿಗೂ ಕೇಳುವುದಿಲ್ಲ. ಎರಡೂ ಬದಿಯ ಮನೆಗಳೊಳಗೆ ಪವರ್‌ಲೂಮ್‌ಗಳು ಓಡುತ್ತಿವೆ. ಲಾಳಿಯ ಬಡಿತ ಗೋಡೆ ದಾಟಿ ಬಂದು, ಹಾಸುಗಲ್ಲಿನ ಮೂಲಕ ನಿಮ್ಮ ಅಂಗಾಲಿಗೆ ತಟ್ಟುತ್ತಿದೆ. ಒಂದು ಮನೆಯಲ್ಲಿ ಮಾತ್ರ ಕೆಲಸ ನಿಂತಿದೆ. ನೀವು ಹೊಕ್ಕದ್ದು ಆ ಮನೆಗೇ.

ಜಮಖಂಡಿಯಿಂದ ಬೆಳಗಿನ ಬಸ್ಸಿಗೆ ಬಂದಿಳಿದ ಕಂಪ್ಯೂಟರ್ ರಿಪೇರಿಯವರ ಬೆನ್ನ ಹಿಂದೆಯೇ ನೀವಿದ್ದೀರಿ. ಸುತ್ತಲಿನ ಊರುಗಳಲ್ಲಿ ಎಲ್ಲರೂ ಅವರನ್ನು ಅಕ್ಕಾರ ಎಂದೇ ಕರೆಯುತ್ತಾರೆ. ನಾವೂ ಅಕ್ಕ ಎನ್ನೋಣ. ಹೆಗಲಿಗೆ ಒಂದು ಚೀಲ. ಅದರೊಳಗೆ ಸ್ಕ್ರೂಡ್ರೈವರ್, ಖಾಲಿ ಹಾರ್ಡ್‌ಡಿಸ್ಕ್, ಲಿನಕ್ಸ್ ತುಂಬಿದ ಒಂದು ಡಿವಿಡಿ. ಪೆನ್‌ಡ್ರೈವ್ ಇಲ್ಲ. ರೋಗ ಹತ್ತಿದ ಯಂತ್ರಕ್ಕೆ ಅವರು ತಮ್ಮ ಪೆನ್‌ಡ್ರೈವ್ ಚುಚ್ಚುವುದಿಲ್ಲ. ಬರೆದು ಮುಗಿಸಿದ ಡಿವಿಡಿಯ ಮೇಲಾದರೆ ಯಾವ ವೈರಸ್ಸೂ ಇನ್ನೊಂದಕ್ಷರ ಬರೆಯಲಾರದು.

ಪಡಸಾಲೆಯ ಮೂಲೆಯಲ್ಲಿ ಮೇಜು, ಮೇಜಿನ ಮೇಲೆ ಹಳೆಯ ಕಂಪ್ಯೂಟರ್. ಎದುರಿನ ಗೋಡೆಗೆ ತೂಗುಬಿಟ್ಟ ಸೀರೆಯ ಸೆರಗಿನ ತುಂಡುಗಳು. ಇದು ನಕ್ಷೆ ಬರೆಯುವ ಮನೆ. ದಡಿಯ ಹೂವು, ಸೆರಗಿನ ಗೋಪುರ, ಒಡಲಿನ ಬುಟ್ಟಾ ಎಲ್ಲವನ್ನೂ ಗ್ರಾಫಿನ ಚೌಕಗಳಲ್ಲಿ ಒಂದೊಂದಾಗಿ ತುಂಬಿ, ಜಕಾರ್ಡ್ ಮಗ್ಗಕ್ಕೆ ಬೇಕಾದ ಕಾರ್ಡುಗಳಿಗೆ ಸಿದ್ಧಮಾಡಿ ಕೊಡುವುದು ಇವರ ಕಸುಬು. ನಕ್ಷೆ ಹೊರಬರದಿದ್ದರೆ ಕಾರ್ಡಿಗೆ ತೂತು ಬೀಳುವುದಿಲ್ಲ, ತೂತು ಬೀಳದಿದ್ದರೆ ಹೊಸ ದಡಿಯ ಸೀರೆ ಮಗ್ಗಕ್ಕೇರುವುದಿಲ್ಲ.

“ಬಾ ಯವ್ವಾ, ಕುಂದ್ರು. ನಿನ್ನಿ ಸಂಜಿ ಹಿಡದು ಹಿಂಗ ಆಗೇತಿ ನೋಡು,” ಎನ್ನುತ್ತಾರೆ ಮನೆಯ ಹಿರಿಯರು.

ಅವರ ತಮ್ಮನ ಮಗ, ಕಾಲೇಜಿಗೆ ಹೋಗುವ ಹುಡುಗ, ಆಗಲೇ ಪರಿಹಾರ ಹುಡುಕಿಕೊಂಡಿದ್ದಾನೆ. “ಫಾರ್ಮ್ಯಾಟ್ ಹೊಡದಬಿಡ್ರಿ ಅಕ್ಕಾರ. ಒಂದ ತಾಸಿನ ಕೆಲಸ.”

ಅಕ್ಕ ಅವನ ಮುಖ ನೋಡುತ್ತಾರೆ. “ನಕ್ಷಿ ಎಲ್ಲಿ ಅದಾವ?”

“ಇದರಾಗ ಅದಾವ್ರಿ.”

“ಇನ್ನೆಲ್ಲಿ ಅದಾವ?”

ಹುಡುಗ ದೊಡ್ಡಪ್ಪನ ಕಡೆ ತಿರುಗುತ್ತಾನೆ. ದೊಡ್ಡಪ್ಪ ಕಂಪ್ಯೂಟರಿನ ಕಡೆ ನೋಡುತ್ತಾರೆ. ಬೇರೆಲ್ಲೂ ಇಲ್ಲ. ವರ್ಷಗಟ್ಟಲೆ ಕೂತು ತುಂಬಿದ ಚೌಕಗಳೆಲ್ಲ ಈ ಒಂದೇ ಡಬ್ಬಿಯಲ್ಲಿವೆ.

ನಮ್ಮ ಕಡೆ ಈ ಫಾರ್ಮ್ಯಾಟ್ ಎನ್ನುವ ಮಾತು ಬಹಳ ಸಲೀಸಾಗಿ ಬಾಯಿಗೆ ಬರುತ್ತದೆ. ಹ್ಯಾಂಗ್ ಆಯಿತೆ, ಫಾರ್ಮ್ಯಾಟ್. ವೈರಸ್ ಬಂತೆ, ಫಾರ್ಮ್ಯಾಟ್. ಬೆಂಗಳೂರಿನ ದೊಡ್ಡ ಆಫೀಸಿನಲ್ಲಿ ಹಾಗೆ ಮಾಡಿದರೆ ನಡೆದೀತು. ಅಲ್ಲಿ ಪ್ರತಿಯೊಂದರ ನಕಲು ಇನ್ನೊಂದು ಕಡೆ ಇರುತ್ತದೆ. ಬನಹಟ್ಟಿಯ ಪಡಸಾಲೆಯಲ್ಲಿ ಆ ಒಂದು ತಾಸಿನ ಕೆಲಸ ಒಬ್ಬ ಮನುಷ್ಯನ ಜೀವಮಾನದ ಗಳಿಕೆಯನ್ನು ಅಳಿಸಿಹಾಕಬಲ್ಲದು. ಅದಕ್ಕೇ ಈ ರಿಪೇರಿಯನ್ನು ನೀವು ನಿಧಾನವಾಗಿ, ಹತ್ತಿರ ಕೂತು ನೋಡಬೇಕು.

ಪರದೆಯ ಮೇಲೆ ಏನಾಗಿದೆ ನೋಡಿ. ಅಕ್ಕ ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತುತ್ತಾರೆ. ಮೂಡಿದ ಪಟ್ಟಿಯಲ್ಲಿ, ಒಳಗೆ ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಟಾಸ್ಕ್ ಮ್ಯಾನೇಜರ್ ಇರಬೇಕಾದ ಜಾಗದಲ್ಲಿ ಅದಿಲ್ಲ. ಬೇರೆ ದಾರಿಯಿಂದ ತೆರೆಯಹೋದರೆ ಸಣ್ಣ ಪೆಟ್ಟಿಗೆಯೊಂದು ಎದ್ದು, ನಿಮ್ಮ ಆಡಳಿತಾಧಿಕಾರಿ ಟಾಸ್ಕ್ ಮ್ಯಾನೇಜರನ್ನು ತಡೆಹಿಡಿದಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳುತ್ತದೆ. ರಿಜಿಸ್ಟ್ರಿ ಎಡಿಟರ್ ತೆರೆಯಲು ಹೋದರೂ ಅದೇ ಮಾತು. ಸ್ಟಾರ್ಟ್ ಮೆನುವಿನಲ್ಲಿದ್ದ ರನ್ ಕಾಣೆಯಾಗಿದೆ. ಫೋಲ್ಡರ್ ಆಪ್ಷನ್ಸ್ ಕೂಡ ಇಲ್ಲ. ನಕ್ಷೆಗಳಿದ್ದ ಫೋಲ್ಡರುಗಳ ಚಿತ್ರದ ಮೇಲೆಲ್ಲ ಮೂಲೆಯಲ್ಲೊಂದು ಪುಟ್ಟ ಬಾಣ ಮೂಡಿದೆ. ಅವು ಫೋಲ್ಡರುಗಳಲ್ಲ, ಶಾರ್ಟ್‌ಕಟ್‌ಗಳು.

“ಆಡಳಿತಾಧಿಕಾರಿ ಅಂದ್ರ ಯಾರವ್ವಾ? ಈ ಮನಿಗೆ ನಾನ ಅಲ್ಲೇನು ಯಜಮಾನ?” ಹಿರಿಯರ ದನಿಯಲ್ಲಿ ನಿಜವಾದ ನೋವಿದೆ.

“ಹೌದ್ರಿ ಕಾಕಾರ, ನೀವ. ನಿಮ್ಮ ಹೆಸರ ಹೇಳಿ ವೈರಸ್ ಈ ಹುಕುಂ ಹೊಂಡಿಸೇತಿ.”

ಅಕ್ಕ ಹೇಳಿದ್ದು ಅಕ್ಷರಶಃ ಸರಿ. ವಿಂಡೋಸ್ ತನ್ನ ಸಾವಿರಾರು ಹೊಂದಾಣಿಕೆಗಳನ್ನು ರಿಜಿಸ್ಟ್ರಿ ಎಂಬ ದೊಡ್ಡ ದಫ್ತರದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆ ದಫ್ತರದಲ್ಲಿ ಪಾಲಿಸೀಸ್ ಎಂಬ ಒಂದು ಭಾಗವಿದೆ. ಕಚೇರಿಗಳಲ್ಲಿ, ಶಾಲೆಗಳಲ್ಲಿ ಕೆಲಸಗಾರರು ಅಥವಾ ಮಕ್ಕಳು ಮುಟ್ಟಬಾರದ್ದನ್ನು ಮುಟ್ಟದಿರಲಿ ಎಂದು ಮೈಕ್ರೋಸಾಫ್ಟ್ ವಿಂಡೋಸ್ 95ರ ಕಾಲದಿಂದಲೂ ಇಂಥ ನಿಯಮಗಳನ್ನು ಇಟ್ಟಿದೆ. ಡಿಸೇಬಲ್ ಟಾಸ್ಕ್ ಮ್ಯಾನೇಜರ್ ಎಂಬ ಅರ್ಥದ ಹೆಸರೊಂದು, ಅದರ ಮುಂದೆ ಒಂದು ಅಂಕಿ. ಅಂಕಿ 1 ಆಗಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆಯುವುದಿಲ್ಲ. 0 ಆಗಿದ್ದರೆ, ಅಥವಾ ಆ ಹೆಸರೇ ಇಲ್ಲದಿದ್ದರೆ, ತೆರೆಯುತ್ತದೆ. ರಿಜಿಸ್ಟ್ರಿ ಎಡಿಟರಿಗೆ ಇನ್ನೊಂದು ಹೆಸರು, ರನ್‌ಗೆ ಮತ್ತೊಂದು, ಫೋಲ್ಡರ್ ಆಪ್ಷನ್ಸ್‌ಗೆ ಮಗದೊಂದು. ವೈರಸ್ ಬರೆದವನು ಟಾಸ್ಕ್ ಮ್ಯಾನೇಜರನ್ನು ಕೆಡಿಸಿಲ್ಲ, ಮುರಿದಿಲ್ಲ. ಯಜಮಾನನಿಗಾಗಿ ಮಾಡಿಟ್ಟ ನಿಯಮವನ್ನೇ ಬಳಸಿ ನಾಲ್ಕು ಕಡೆ 1 ಬರೆದಿದ್ದಾನೆ, ಅಷ್ಟೆ.

ಪಕ್ಕದ ಗೋಡೆಗೆ ಒರಗಿಸಿಟ್ಟ ಜಕಾರ್ಡ್ ಕಾರ್ಡುಗಳ ಸರವನ್ನು ನೋಡಿದರೆ ಇದು ಥಟ್ಟನೆ ತಿಳಿಯುತ್ತದೆ. 1804ರ ಸುಮಾರಿಗೆ ಫ್ರಾನ್ಸಿನ ಲಿಯಾನ್ ನಗರದಲ್ಲಿ ಜೋಸೆಫ್ ಮರಿ ಜಕಾರ್ಡ್ ರೂಪಿಸಿದ ಮಗ್ಗದ ಸೂತ್ರ ಇದು: ರಟ್ಟಿನಲ್ಲಿ ತೂತಿದ್ದ ಕಡೆ ಹುಕ್ಕು ಎದ್ದು ಎಳೆಯನ್ನು ಎತ್ತುತ್ತದೆ, ತೂತಿಲ್ಲದ ಕಡೆ ಎಳೆ ಕೆಳಗೇ ಉಳಿಯುತ್ತದೆ. ಒಂದು ತೂತು ತಪ್ಪಿ ಬಿದ್ದರೆ ದಡಿಯ ಉದ್ದಕ್ಕೂ ಪ್ರತಿ ಹೂವಿನಲ್ಲೂ ಅದೇ ಎಸಳು ಕೆಡುತ್ತದೆ. ಹಾಗೆಂದು ಮಗ್ಗವನ್ನೇ ಬಿಚ್ಚಿ ಹಾಕುವ ನೇಕಾರ ಯಾರೂ ಇಲ್ಲ. ತಪ್ಪು ತೂತಿನ ಕಾರ್ಡನ್ನು ಹುಡುಕಿ ಬದಲಿಸುತ್ತಾರೆ. ಈ ಮನೆಯ ಹಿರಿಯರಿಗೆ ಅಕ್ಕ ಇದೇ ಮಾತನ್ನು ಹೇಳಿದಾಗ ಅವರ ಹುಬ್ಬಿನ ಗಂಟು ಮೊದಲ ಸಲ ಸಡಿಲಾಗುತ್ತದೆ. “ಅಂದ್ರ ಮಷೀನು ಕೆಟ್ಟಿಲ್ಲ,” ಎನ್ನುತ್ತಾರೆ.

“ಇಲ್ರಿ. ಖರೆ ಆ ತೂತು ಹೊಡಿಯಾಂವ ಇನ್ನೂ ಒಳಗ ಅದಾನ.”

ಇಲ್ಲಿ ಹುಡುಗ ಬಾಯಿ ಹಾಕುತ್ತಾನೆ. ಮೊಬೈಲಿನಲ್ಲಿ ವಿಡಿಯೋ ನೋಡಿ ನಿನ್ನೆ ರಾತ್ರಿ ಅವನೂ ಒಂದು ಉಪಾಯ ಮಾಡಿದ್ದನಂತೆ. ನೋಟ್‌ಪ್ಯಾಡಿನಲ್ಲಿ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದು, ಆ 1 ಅನ್ನು 0 ಮಾಡಿದ್ದ. ಟಾಸ್ಕ್ ಮ್ಯಾನೇಜರ್ ತೆರೆಯಿತು. ತೆರೆದು, ಅವನು ಕಣ್ಣು ಹಾಯಿಸುವುದರೊಳಗೆ ಮುಚ್ಚಿಕೊಂಡಿತು. ಮತ್ತೆ ಒತ್ತಿದರೆ ಅದೇ ಹಳೆಯ ಪೆಟ್ಟಿಗೆ. ಈಗ ಅಕ್ಕನೆದುರು ಅದನ್ನೇ ಮಾಡಿ ತೋರಿಸುತ್ತಾನೆ. ನೀವೂ ಬಾಗಿ ನೋಡಿ: ಕಿಟಕಿ ಮೂಡಿತು, ಹೋಯಿತು.

ಅವನ ಸ್ಕ್ರಿಪ್ಟಿನಲ್ಲಿ ತಪ್ಪಿಲ್ಲ. ಕ್ರಮ ತಪ್ಪಿದೆ. ಒಳಗೆ ಓಡುತ್ತಿರುವ ವೈರಸ್ ಸ್ವಲ್ಪ ಸ್ವಲ್ಪ ಹೊತ್ತಿಗೆ ತನ್ನ ಅಂಕಿಗಳನ್ನು ತಾನೇ ತಿರುಗಿ ನೋಡುತ್ತದೆ. ಯಾರಾದರೂ 0 ಮಾಡಿದ್ದರೆ ಮತ್ತೆ 1 ಬರೆಯುತ್ತದೆ. ಇದು ಹೊಸ ಕುತಂತ್ರವಲ್ಲ. 2005ರಲ್ಲಿ ಇಂಡೋನೇಷ್ಯಾದಿಂದ ಹೊರಟ ಬ್ರೊಂಟಾಕ್ ಎಂಬ ಹುಳು ರಿಜಿಸ್ಟ್ರಿ ಎಡಿಟರನ್ನೂ ಫೋಲ್ಡರ್ ಆಪ್ಷನ್ಸನ್ನೂ ಹೀಗೆಯೇ ತಡೆದಿತ್ತು. ಯಾವುದಾದರೂ ಕಿಟಕಿಯ ತಲೆಬರಹದಲ್ಲಿ ತನಗಾಗದ ಪದಗಳು ಕಂಡರೆ ಕಂಪ್ಯೂಟರನ್ನೇ ಮರುಪ್ರಾರಂಭಿಸಿಬಿಡುತ್ತಿತ್ತು. ಕೈಯಲ್ಲಿರುವ ಹತಾರಗಳನ್ನು ಮೊದಲು ಕಸಿದುಕೊಂಡರೆ ರಿಪೇರಿ ಮಾಡುವವರು ಸೋತು ಫಾರ್ಮ್ಯಾಟಿಗೆ ಹೋಗುತ್ತಾರೆ, ಅಥವಾ ಹಾಗೆಯೇ ಬಿಡುತ್ತಾರೆ ಎಂಬ ಲೆಕ್ಕ ಅದರ ಹಿಂದಿದೆ.

“ಮದ್ಲ ನಕ್ಷಿ ಹೊರಗ ತಗಿಯೂಣು. ಆಮ್ಯಾಲ ಹುಳಾ. ಆಮ್ಯಾಲ ಈ ಒಂದು-ಸೊನ್ನಿ,” ಎಂದು ಅಕ್ಕ ಎದ್ದು, ಕಂಪ್ಯೂಟರಿನ ಹಿಂಬದಿಯ ನೆಟ್ ಕೇಬಲ್ ಕಿತ್ತು ಪಕ್ಕಕ್ಕಿಡುತ್ತಾರೆ. ಯಂತ್ರವನ್ನು ಆರಿಸಿ, ಡಿವಿಡಿ ಹಾಕಿ ಮತ್ತೆ ಚಾಲೂ ಮಾಡುತ್ತಾರೆ.

ಈಗ ವಿಂಡೋಸ್ ಎದ್ದೇ ಇಲ್ಲ. ಡಿವಿಡಿಯ ಲಿನಕ್ಸ್ ಎದ್ದಿದೆ. ವಿಂಡೋಸ್‌ಗಾಗಿ ಬರೆದ ಹುಳು ಇಲ್ಲಿ ಅಲುಗಾಡುವುದಿಲ್ಲ, ವಿಂಡೋಸಿನ ನಿಯಮಗಳೂ ಇಲ್ಲಿ ನಡೆಯುವುದಿಲ್ಲ. ಹಾರ್ಡ್‌ಡಿಸ್ಕ್ ತೆರೆದ ಕೂಡಲೆ ಮಾಯವಾಗಿದ್ದ ಫೋಲ್ಡರುಗಳು ಸಾಲಾಗಿ ಕಾಣುತ್ತವೆ. ಹಿರಿಯರು ಕನ್ನಡಕ ಏರಿಸಿಕೊಂಡು ಹತ್ತಿರ ಬರುತ್ತಾರೆ. ಒಂದೊಂದೇ ಹೆಸರು ಓದುತ್ತಾರೆ. ಎಲ್ಲ ಇವೆ. ಅಕ್ಕ ನಕ್ಷೆಯ ಫೈಲುಗಳನ್ನಷ್ಟೇ ಆರಿಸಿ ತಮ್ಮ ಖಾಲಿ ಡಿಸ್ಕಿಗೆ ನಕಲು ಹಾಕುತ್ತಾರೆ. ಪ್ರೋಗ್ರಾಂ ಫೈಲುಗಳನ್ನಾಗಲಿ, ಶಾರ್ಟ್‌ಕಟ್‌ಗಳನ್ನಾಗಲಿ, ಸ್ಕ್ರಿಪ್ಟುಗಳನ್ನಾಗಲಿ ಮುಟ್ಟುವುದಿಲ್ಲ. ನಕಲು ಮುಗಿಯುವವರೆಗೆ ಚಹಾ ಬರುತ್ತದೆ. ನಕಲಾದ ನಕ್ಷೆಗಳಲ್ಲಿ ಕೆಲವನ್ನು ತೆರೆದು ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಮುಂದಿನ ಮಾತು.

ಈ ಕಂಪ್ಯೂಟರಿನಲ್ಲಿರುವುದು ವಿಂಡೋಸ್ 7. ಅದಕ್ಕೆ ಮೈಕ್ರೋಸಾಫ್ಟಿನ ಆಸರೆ 2020ರ ಜನವರಿ 14ಕ್ಕೆ ನಿಂತುಹೋಯಿತು. ಬದಲಿಸಿ ಎಂದು ಹೇಳುವುದು ಸುಲಭ. ನಕ್ಷೆಯ ಸಾಫ್ಟ್‌ವೇರ್ ಹಳೆಯದು. ಅದಕ್ಕೆಂದೇ ಕೊಟ್ಟ ಡಾಂಗಲ್ ಎಂಬ ಬೀಗ ಹೊಸ ವಿಂಡೋಸಿನಲ್ಲಿ ಕೆಲಸ ಮಾಡುತ್ತಿಲ್ಲ, ಹೊಸ ಸಾಫ್ಟ್‌ವೇರಿಗೆ ದುಡ್ಡಿಲ್ಲ. ಇಂಥ ಯಂತ್ರಗಳು ಮಗ್ಗದ ಊರುಗಳಲ್ಲಿ ಇನ್ನೂ ಎಷ್ಟೋ ಕಾಲ ದುಡಿಯುತ್ತವೆ. ಅವುಗಳನ್ನು ಹೀಯಾಳಿಸಿ ಪ್ರಯೋಜನವಿಲ್ಲ, ಕಾಪಾಡಬೇಕು.

ಈಗ ಡಿವಿಡಿ ಹೊರಗೆ. ಅಕ್ಕ ಎಫ್8 ಒತ್ತುತ್ತ ಸೇಫ್ ಮೋಡಿಗೆ ಹೋಗುತ್ತಾರೆ. ಕಪ್ಪು ಹಿನ್ನೆಲೆ, ನಾಲ್ಕೂ ಮೂಲೆಯಲ್ಲಿ ಸೇಫ್ ಮೋಡ್ ಎಂಬ ಬರಹ. ಸಾಮಾನ್ಯವಾಗಿ ಕಂಪ್ಯೂಟರ್ ಎದ್ದ ಕೂಡಲೆ ತಾನಾಗಿ ಓಡುವ ಪ್ರೋಗ್ರಾಂಗಳ ಪಟ್ಟಿಯನ್ನು ಸೇಫ್ ಮೋಡ್ ಕೈಬಿಡುತ್ತದೆ. ಬಹುತೇಕ ಹುಳುಗಳು ಆ ಪಟ್ಟಿಯನ್ನೇ ನೆಚ್ಚಿಕೊಂಡಿರುತ್ತವೆ. ಹುಡುಗ ಟಾಸ್ಕ್ ಮ್ಯಾನೇಜರ್ ಒತ್ತಿ ನೋಡುತ್ತಾನೆ. ಅದೇ ತಡೆ. “ಸೇಫ್ ಮೋಡಿನ್ಯಾಗೂ ಬರವಲ್ದು,” ಎನ್ನುತ್ತಾನೆ ಸೋತ ದನಿಯಲ್ಲಿ. ಬರುವುದಿಲ್ಲ. ಹುಳು ಓಡದಿದ್ದರೂ ಅದು ಬರೆದ 1 ಹಾಗೇ ಇದೆ.

ಅಕ್ಕ ಮಾಡುವುದನ್ನು ಸರಿಯಾಗಿ ಗಮನಿಸಿ. ಅವರು ಹುಡುಗನ ಖಾತೆಯಿಂದ ಹೊರಬಂದು, ಕಂಪ್ಯೂಟರ್ ಕೊಂಡಾಗ ಅಂಗಡಿಯವರು ಮಾಡಿಟ್ಟಿದ್ದ ಇನ್ನೊಂದು ಆಡಳಿತ ಖಾತೆಗೆ ಹೋಗುತ್ತಾರೆ. ಯಾರೂ ಬಳಸದ ಖಾತೆ ಅದು. ಅಲ್ಲಿ ರಿಜಿಸ್ಟ್ರಿ ಎಡಿಟರ್ ಒತ್ತಿದರೆ ಸಲೀಸಾಗಿ ತೆರೆದುಕೊಳ್ಳುತ್ತದೆ! ಆ ತಡೆ ಇಡೀ ಯಂತ್ರಕ್ಕಿರಲಿಲ್ಲ, ಹುಡುಗನ ಖಾತೆಗೆ ಮಾತ್ರ ಇತ್ತು. ಪ್ರತಿ ಬಳಕೆದಾರನ ದಫ್ತರವೂ ಅವನವನ ಫೋಲ್ಡರಿನಲ್ಲಿ ಎನ್‌ಟಿ‌ಯೂಸರ್ ಎಂಬ ಹೆಸರಿನ ಒಂದು ಬಚ್ಚಿಟ್ಟ ಫೈಲಾಗಿ ಇರುತ್ತದೆ. ರಿಜಿಸ್ಟ್ರಿ ಎಡಿಟರಿನ ಲೋಡ್ ಹೈವ್ ಎಂಬ ಸೌಕರ್ಯದಿಂದ ಅಕ್ಕ ಹುಡುಗನ ದಫ್ತರವನ್ನು ಹೊರಗಿನಿಂದಲೇ ಬಿಚ್ಚುತ್ತಾರೆ.

ಮೊದಲು ಪಾಲಿಸೀಸ್‌ಗೆ ಹೋಗುವುದಿಲ್ಲ. ರನ್ ಎಂಬ ಕೀಲಿಗೆ ಹೋಗುತ್ತಾರೆ. ಲಾಗಿನ್ ಆದ ಕೂಡಲೆ ಏನೇನು ಓಡಬೇಕು ಎಂಬ ಪಟ್ಟಿ ಅಲ್ಲಿದೆ. ಪ್ರಿಂಟರಿನದೊಂದು ಸಾಲು, ಡಾಂಗಲ್ಲಿನದೊಂದು. ಮೂರನೆಯದು ಅರ್ಥವಿಲ್ಲದ ಅಕ್ಷರಗಳ ಹೆಸರಿನದು. ಅದರ ಮುಂದೆ ಡಬ್ಲ್ಯೂಸ್ಕ್ರಿಪ್ಟ್ ಎಂಬ ವಿಂಡೋಸಿನದೇ ಪ್ರೋಗ್ರಾಂ, ಮತ್ತು ಅದಕ್ಕೆ ತಿನ್ನಿಸುವ ಒಂದು ಸ್ಕ್ರಿಪ್ಟಿನ ವಿಳಾಸ. “ಇದ ನೋಡ್ರಿ,” ಎಂದು ಬೆರಳಿಡುತ್ತಾರೆ. ಆ ಸಾಲನ್ನು ಅಳಿಸಿ, ವಿಳಾಸ ಹಿಡಿದು ಹೋಗಿ ಆ ಫೈಲನ್ನೂ ಅಳಿಸುತ್ತಾರೆ. ಸ್ಟಾರ್ಟಪ್ ಫೋಲ್ಡರಿನಲ್ಲಿ ಅದರದೇ ಇನ್ನೊಂದು ಪ್ರತಿ ಸಿಗುತ್ತದೆ. ಇಷ್ಟಕ್ಕೆ ನಂಬುವವರಲ್ಲ ಅಕ್ಕ. ಶೆಡ್ಯೂಲ್ಡ್ ಟಾಸ್ಕ್‌ಗಳ ಪಟ್ಟಿ ನೋಡುತ್ತಾರೆ. ವಿನ್‌ಲಾಗಾನ್ ಕೀಲಿಯಲ್ಲಿ ಶೆಲ್ ಎಂಬುದರ ಮುಂದೆ ಎಕ್ಸ್‌ಪ್ಲೋರರ್ ಒಂದೇ ಇದೆಯೇ, ಅದರ ಬಾಲಕ್ಕೆ ಮತ್ತೇನಾದರೂ ಅಂಟಿದೆಯೇ ನೋಡುತ್ತಾರೆ. ಅಲ್ಲಿ ಅಂಟಿಕೊಂಡ ಹುಳು ಸೇಫ್ ಮೋಡಿನಲ್ಲೂ ಎದ್ದೇಳುತ್ತದೆ. ಟಾಸ್ಕ್ ಮ್ಯಾನೇಜರಿನ ಹೆಸರಿಗೆ ಡಿಬಗರ್ ಎಂದು ಬೇರೊಂದು ಪ್ರೋಗ್ರಾಂ ಜೋಡಿಸಿದ್ದಾರೆಯೇ ಎಂಬುದನ್ನೂ ನೋಡುತ್ತಾರೆ. ಹಾಗೆ ಜೋಡಿಸಿದ್ದರೆ ನೀವು ಒತ್ತುವುದು ಒಂದು, ತೆರೆಯುವುದು ಮತ್ತೊಂದು.

ಇದೆಲ್ಲ ಸ್ವಚ್ಛ ಎಂದಾದ ಮೇಲೆ ಪಾಲಿಸೀಸ್. ಅಲ್ಲಿವೆ ನಾಲ್ಕು ಹೆಸರುಗಳು, ನಾಲ್ಕರ ಮುಂದೆಯೂ 1. ಅಕ್ಕ ಕುರ್ಚಿಯಿಂದ ಎದ್ದು ಹುಡುಗನನ್ನು ಕೂರಿಸುತ್ತಾರೆ. “ನೀನ ಅಳಿಸಪಾ.” ಹುಡುಗ ಒಂದೊಂದನ್ನೂ ಅಳಿಸುತ್ತಾನೆ. ಇನ್ನೊಂದು ಸೂಕ್ಷ್ಮ ಬಾಕಿಯಿದೆ. ಬಚ್ಚಿಟ್ಟ ಫೈಲುಗಳನ್ನು ತೋರಿಸು ಎಂದು ಫೋಲ್ಡರ್ ಆಪ್ಷನ್ಸಿನಲ್ಲಿ ಗುರುತು ಹಾಕಿದರೂ ಕೆಲವೊಮ್ಮೆ ಅದು ತಾನಾಗಿ ಹಿಂದೆ ಸರಿಯುತ್ತದೆ. ಶೋ‌ಆಲ್ ಎಂಬ ಕೀಲಿಯಲ್ಲಿರುವ ಅಂಕಿಯನ್ನು ಹುಳು ಬದಲಿಸಿರುತ್ತದೆ, ಇಲ್ಲವೆ ಅಂಕಿಯನ್ನು ತೆಗೆದು ಅದೇ ಹೆಸರಿನಲ್ಲಿ ಅಕ್ಷರದ ರೂಪದ ಬೆಲೆಯನ್ನು ಇಟ್ಟಿರುತ್ತದೆ. ನೋಡಿದರೆ ಸರಿಯಿರುವಂತೆಯೇ ಕಾಣುತ್ತದೆ. ಅಕ್ಕ ಹುಡುಗನಿಗೆ ಅದರ ಜಾತಿಯನ್ನು ತೋರಿಸಿ, ಅಳಿಸಿ ಹೊಸದಾಗಿ ಬರೆಸುತ್ತಾರೆ: 1.

ದಫ್ತರ ಮುಚ್ಚಿ, ಯಂತ್ರ ಆರಿಸಿ, ಮತ್ತೆ ಚಾಲೂ. ಹುಡುಗನ ಖಾತೆ. ಮೂರು ಕೀಲಿ ಒಟ್ಟಿಗೆ. ಟಾಸ್ಕ್ ಮ್ಯಾನೇಜರ್ ತೆರೆದು ನಿಂತಿದೆ. ಎಲ್ಲರೂ ಕಾಯುತ್ತಾರೆ. ಮುಚ್ಚುವುದಿಲ್ಲ. ಹಿರಿಯರಿಗೆ ಆ ಕಿಟಕಿಯಲ್ಲಿರುವುದೇನೆಂದು ತಿಳಿಯದು, ಆದರೂ ಅದರ ಪ್ರತಿ ಸಾಲನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ.

ಉಳಿದದ್ದು ಪೆನ್‌ಡ್ರೈವ್. ಹುಳು ಹೊಕ್ಕಿದ್ದು ಅದರಿಂದಲೇ. ಹುಡುಗನ ಕಾಲೇಜಿನ ಪ್ರಾಜೆಕ್ಟನ್ನು ಜಮಖಂಡಿಯ ಝೆರಾಕ್ಸ್ ಅಂಗಡಿಯೊಂದರಲ್ಲಿ ಪ್ರಿಂಟ್ ಹಾಕಿಸಿದ ಪೆನ್‌ಡ್ರೈವ್ ಅದು. ಅದರಲ್ಲೇ ನಕ್ಷೆಯೂ ಕಾರ್ಡ್ ಪಂಚಿಂಗಿಗೆ ಹೋಗಿಬರುತ್ತದೆ. ಹಿಂದೆ ಪೆನ್‌ಡ್ರೈವ್ ಚುಚ್ಚಿದರೆ ಸಾಕಿತ್ತು, ಆಟೋರನ್ ಎಂಬ ಸೌಕರ್ಯ ಹುಳುವನ್ನು ತಾನೇ ಎಬ್ಬಿಸುತ್ತಿತ್ತು. ವಿಂಡೋಸ್ 7ರಲ್ಲಿ ಮೈಕ್ರೋಸಾಫ್ಟ್ ಪೆನ್‌ಡ್ರೈವಿಗೆ ಅದನ್ನು ನಿಲ್ಲಿಸಿತು. 2011ರ ಫೆಬ್ರವರಿಯಲ್ಲಿ ಎಕ್ಸ್‌ಪಿ, ವಿಸ್ತಾಗಳಿಗೂ ಅದೇ ತಿದ್ದುಪಡಿ ಕಳಿಸಿತು. ಆಮೇಲೆ ಹುಳುಗಳು ನಮ್ಮ ಬೆರಳನ್ನೇ ಬಳಸತೊಡಗಿದವು. ನಿಜವಾದ ಫೋಲ್ಡರನ್ನು ಬಚ್ಚಿಟ್ಟು ಅದೇ ಹೆಸರಿನ ಶಾರ್ಟ್‌ಕಟ್ ಇಡುವುದು. ನೀವು ಒತ್ತಿದಾಗ ಹುಳುವೂ ಏಳುತ್ತದೆ, ಫೋಲ್ಡರೂ ತೆರೆಯುತ್ತದೆ. ಕೆಲಸ ನಡೆದುಹೋಗುವುದರಿಂದ ಅನುಮಾನ ಬರುವುದಿಲ್ಲ. ಶಾರ್ಟ್‌ಕಟ್ಟಿನ ಬೇರೊಂದು ದೋಷವನ್ನು ಹಿಡಿದೇ 2010ರಲ್ಲಿ ಸ್ಟಕ್ಸ್‌ನೆಟ್ ಹಬ್ಬಿತು. ಇರಾನಿನ ಅಣುಕೇಂದ್ರಕ್ಕೆಂದು ಮಾಡಿದ ಆ ಅಸ್ತ್ರ ತಗುಲಿದ ಯಂತ್ರಗಳನ್ನು ಸೈಮ್ಯಾಂಟೆಕ್ ಎಣಿಸಿದಾಗ ಇರಾನ್, ಇಂಡೋನೇಷ್ಯಾ ನಂತರದ ಸ್ಥಾನ ಭಾರತದ್ದಾಗಿತ್ತು. ಪೆನ್‌ಡ್ರೈವ್ ಕೈಯಿಂದ ಕೈಗೆ ಹೋಗುವ ನಾಡು ನಮ್ಮದು.

ಅಕ್ಕ ಕಮಾಂಡ್ ಪ್ರಾಂಪ್ಟ್ ತೆರೆದು, ಅಟ್ರಿಬ್ ಆದೇಶ ಕೊಟ್ಟು ಪೆನ್‌ಡ್ರೈವಿನ ಫೋಲ್ಡರುಗಳ ಮೇಲಿನ ಹಿಡನ್, ಸಿಸ್ಟಂ ಎಂಬ ಎರಡೂ ಗುರುತುಗಳನ್ನು ತೆಗೆಯುತ್ತಾರೆ. ಡಿಸ್ಕಿನ ಫೋಲ್ಡರುಗಳಿಗೂ ಹಾಗೇ. ಶಾರ್ಟ್‌ಕಟ್‌ಗಳು ಹೋದವು, ಸ್ಕ್ರಿಪ್ಟ್ ಹೋಯಿತು. ಇನ್ನು ಈ ಕಂಪ್ಯೂಟರಿಗೆ ನೆಟ್ ಬೇಡ, ನಕ್ಷೆಗೆ ಬೇರೆಯೇ ಪೆನ್‌ಡ್ರೈವ್ ಇರಲಿ, ನಕಲಿನ ಡಿಸ್ಕ್ ಈ ಮನೆಯಲ್ಲಿ ಬೇಡ, ರಬಕವಿಯ ನೆಂಟರ ಮನೆಯಲ್ಲಿರಲಿ ಎಂದು ಹೇಳಿ ಚೀಲ ಏರಿಸುತ್ತಾರೆ. ಹೊರಬಂದವರೇ ಜಮಖಂಡಿಯ ಆ ಝೆರಾಕ್ಸ್ ಅಂಗಡಿಗೆ ಫೋನು. “ಅಣ್ಣಾರ, ನಿಮ್ಮ ಸಿಸ್ಟಮ್ ಸಂಜೀಕ ನೋಡ್ತೀನಿ, ಅಲ್ಲೀತನಕ ಯಾರ ಪೆನ್‌ಡ್ರೈವೂ ಹಾಕಬ್ಯಾಡ್ರಿ.” ಜಮಖಂಡಿ ಉಪವಿಭಾಗದ ಊರು. ಕಾಲೇಜು, ಕೋರ್ಟು, ಕಚೇರಿಗಳ ಕಾಗದವೆಲ್ಲ ಇಂಥ ಅಂಗಡಿಗಳ ಮೂಲಕವೇ ಹಾಯುತ್ತದೆ. ಅಲ್ಲಿನ ಒಂದು ಯಂತ್ರ ಎಷ್ಟು ಪಡಸಾಲೆಗಳಿಗೆ ಹುಳು ಹಂಚೀತು ಎಂದು ಯೋಚಿಸಿದರೆ ಎದೆ ಝಲ್ಲೆನ್ನುತ್ತದೆ.

ಅಕ್ಕನ ಮುಂದಿನ ಊರು ಮಹಾಲಿಂಗಪುರ ದಾಟಿ ಮುಧೋಳ. ಬಸ್ಸಿನ ಎರಡೂ ಬದಿಗೆ ಕಬ್ಬು. ಮುಧೋಳದ ಕೆಲಸ ಚಿಕ್ಕದು, ಆದರೆ ಅದರಲ್ಲೊಂದು ಸ್ವಾರಸ್ಯವಿದೆ.

ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳ ಲೆಕ್ಕ, ಕಡಿಯುವ ಗ್ಯಾಂಗುಗಳಿಗೆ ಕೊಟ್ಟ ಮುಂಗಡದ ಲೆಕ್ಕ ಇಟ್ಟುಕೊಂಡ ಕಚೇರಿ. ಇಲ್ಲಿ ಆಂಟಿವೈರಸ್ ಇದೆ. ಅದು ವೈರಸ್ಸನ್ನು ಹಿಡಿದು ಅಳಿಸಿಯೂ ಆಗಿದೆ. ಈಗ ಸ್ಕ್ಯಾನ್ ಮಾಡಿದರೆ ಸೊನ್ನೆ ಎನ್ನುತ್ತದೆ. ಆದರೆ ಯಾವ ಪ್ರೋಗ್ರಾಂ ಒತ್ತಿದರೂ ಇದನ್ನು ಯಾವುದರಲ್ಲಿ ತೆರೆಯಲಿ ಎಂದು ಕಂಪ್ಯೂಟರ್ ಕೇಳುತ್ತದೆ. “ಆಂಟಿವೈರಸ್ಸಿಗೆ ರೊಕ್ಕಾ ಕೊಟ್ಟೀನಿ. ವೈರಸ್ ಇಲ್ಲಂತೈತಿ. ಹಂಗಾರ ಇದೇನ್ರಿ?” ಎಂದು ಸಾವಕಾರರು ಕೇಳುವುದು ನ್ಯಾಯವಾಗಿಯೇ ಇದೆ.

ಆಂಟಿವೈರಸ್ ಹುಳುವನ್ನು ತೆಗೆಯುತ್ತದೆ, ಹುಳು ತಿದ್ದಿಹೋದದ್ದನ್ನು ಎಲ್ಲ ಸಲವೂ ಸರಿಪಡಿಸುವುದಿಲ್ಲ. ಯಾವ ಪ್ರೋಗ್ರಾಂ ತೆರೆದರೂ ಮೊದಲು ತಾನು ಏಳುವಂತೆ ಆ ವೈರಸ್ ಬಳಕೆದಾರನ ದಫ್ತರದಲ್ಲಿ ಬರೆದುಕೊಂಡಿತ್ತು. ಈಗ ವೈರಸ್ ಇಲ್ಲ, ಬರಹ ಉಳಿದಿದೆ. ಇಲ್ಲದ ಫೈಲನ್ನು ಹುಡುಕಿ ವಿಂಡೋಸ್ ಕೈಚೆಲ್ಲುತ್ತಿದೆ. ರಿಜಿಸ್ಟ್ರಿ ಎಡಿಟರೂ ಒಂದು ಪ್ರೋಗ್ರಾಮೇ ಆದ್ದರಿಂದ ಅದನ್ನು ಒತ್ತಿದರೂ ಇದೇ ಪ್ರಶ್ನೆ. ಆದರೆ ಟಾಸ್ಕ್ ಮ್ಯಾನೇಜರ್ ಮೂರು ಕೀಲಿಯ ದಾರಿಯಿಂದ ತೆರೆಯುತ್ತದೆ. ಆ ದಾರಿ ಈ ಬರಹವನ್ನು ಕೇಳಲು ಹೋಗುವುದಿಲ್ಲ. ಅಕ್ಕ ಅದರಲ್ಲಿ ಹೊಸ ಟಾಸ್ಕ್ ಎಂಬುದನ್ನು ಕಂಟ್ರೋಲ್ ಕೀಲಿ ಒತ್ತಿ ಹಿಡಿದೇ ಒತ್ತುತ್ತಾರೆ. ಪೆಟ್ಟಿಗೆಯ ಬದಲು ನೇರವಾಗಿ ಕಮಾಂಡ್ ಪ್ರಾಂಪ್ಟಿನ ಕಪ್ಪು ಕಿಟಕಿ ತೆರೆಯುತ್ತದೆ! ಅಲ್ಲಿಂದ ರೆಜೆಡಿಟ್ ಎಂದು ಬರೆದರೆ ಸಾಕು. ಬಳಕೆದಾರನ ಕ್ಲಾಸಸ್ ಭಾಗದಲ್ಲಿ ಇರಬಾರದ ಡಾಟ್ ಎಕ್ಸೆ ಎಂಬ ಕೀಲಿ ಕೂತಿದೆ. ಅಳಿಸಿದ ಮರುಗಳಿಗೆಯೇ ಲೆಕ್ಕದ ಪ್ರೋಗ್ರಾಂ ತೆರೆಯಿತು. ಸಾವಕಾರರು ಮೊದಲು ನೋಡಿದ್ದು ಗ್ಯಾಂಗಿನವರ ಮುಂಗಡದ ಪುಟವನ್ನು. ಅದರಲ್ಲಿ ಒಂದು ಸಾಲು ಕಳೆದರೆ ಜಗಳ ಕಬ್ಬಿನ ಗದ್ದೆಯವರೆಗೆ ಹೋಗುತ್ತದೆ.

ಹೊರಡುವಾಗ ಅಕ್ಕ ಸೈಬರ್ ಸ್ವಚ್ಛತಾ ಕೇಂದ್ರದ ಹೆಸರನ್ನು ಚೀಟಿಯಲ್ಲಿ ಬರೆದುಕೊಡುತ್ತಾರೆ. ಕೇಂದ್ರ ಸರ್ಕಾರದ ಸರ್ಟ್-ಇನ್ 2017ರ ಫೆಬ್ರವರಿಯಿಂದ ನಡೆಸುತ್ತಿರುವ ಈ ಕೇಂದ್ರ ಬಾಟ್ ಎಂಬ ಕಳ್ಳ ತಂತ್ರಾಂಶಗಳನ್ನು ತೆಗೆಯುವ ಸಾಧನಗಳನ್ನು ಪುಕ್ಕಟೆಯಾಗಿ ಕೊಡುತ್ತದೆ. ಯುಎಸ್‌ಬಿ ಪ್ರತಿರೋಧ ಎಂಬ ಅದರ ತಂತ್ರಾಂಶ ಗೊತ್ತಿಲ್ಲದ ಪೆನ್‌ಡ್ರೈವನ್ನು ಕೇಳದೆ ಒಳಗೆ ಬಿಡುವುದಿಲ್ಲ. ಈ ಊರುಗಳಲ್ಲಿ ಅದರ ಹೆಸರು ಕೇಳಿದವರೇ ವಿರಳ. ಪ್ರತಿ ಪಂಚಾಯಿತಿ ಗೋಡೆಯ ಮೇಲೆ ಬರೆಸಬೇಕಾದ ಹೆಸರದು.

ಬೀಳಗಿಗೆ ಬಂದಾಗ ಬಿಸಿಲು ಇಳಿಮುಖ. ಬಸ್ ನಿಲ್ದಾಣದ ಸಮೀಪದ ಝೆರಾಕ್ಸ್ ಅಂಗಡಿಯ ಮುಂದೆ ಜನ ನಿಂತಿದ್ದಾರೆ. ಒಬ್ಬರ ಕೈಯಲ್ಲಿ ಹೊಲದ ಉತಾರ, ಇನ್ನೊಬ್ಬರಲ್ಲಿ ಬ್ಯಾಂಕಿನ ಪಾಸ್‌ಬುಕ್. ಆಲಮಟ್ಟಿಯ ಹಿನ್ನೀರು 519.6 ಮೀಟರಿಗೆ ನಿಂತಾಗ ಹಳ್ಳಿಗಳನ್ನು ಬಿಟ್ಟೆದ್ದವರ ತಾಲ್ಲೂಕು ಇದು. ಮನೆ, ಹೊಲ, ಪುನರ್ವಸತಿ, ಪರಿಹಾರ ಎಂದು ಕಾಗದ ಹಿಡಿದು ತಿರುಗುವುದು ಇಲ್ಲಿಯವರಿಗೆ ತಲೆಮಾರಿನ ಕೆಲಸ. ಅಂಥ ಕಾಗದಗಳನ್ನು ಸ್ಕ್ಯಾನ್ ಮಾಡಿ ಅರ್ಜಿ ಹಾಕುವ ಕಂಪ್ಯೂಟರ್ ಈಗ ಕೆಟ್ಟು ಕೂತಿದೆ.

“ಎರಡ ಮೂರ ಸಲ ಫಾರ್ಮ್ಯಾಟ್ ಹೊಡಿಸೀನ್ರಿ ಅಕ್ಕಾರ. ವಾರದಾಗ ತಿರುಗಿ ಬರತೈತಿ,” ಎನ್ನುತ್ತಾನೆ ಅಂಗಡಿಯ ಯುವಕ.

ಟಾಸ್ಕ್ ಮ್ಯಾನೇಜರ್ ಇಲ್ಲ, ರಿಜಿಸ್ಟ್ರಿ ಎಡಿಟರ್ ಇಲ್ಲ. ಬನಹಟ್ಟಿಯಲ್ಲಿ ಕಂಡದ್ದೇ ಎಂದು ನಿಮಗನಿಸುತ್ತದೆ. ಅಕ್ಕ ಸೇಫ್ ಮೋಡಿಗೆ ಹೋಗಲು ನೋಡುತ್ತಾರೆ. ನೀಲಿ ಪರದೆ ಮಿಂಚಿ ಕಂಪ್ಯೂಟರ್ ತಾನಾಗಿ ಮರುಪ್ರಾರಂಭವಾಗುತ್ತದೆ. ಮತ್ತೊಮ್ಮೆ, ಮತ್ತೆ ಅದೇ. ಅಕ್ಕನ ಮುಖ ಬಿಗಿಯುತ್ತದೆ. ಮಾತಾಡದೆ ಡಿವಿಡಿ ಹಾಕಿ, ಲಿನಕ್ಸಿನಿಂದ ಎದ್ದು, ಅದರೊಳಗಿನ ಸ್ಕ್ಯಾನರಿಗೆ ಡಿಸ್ಕ್ ಒಪ್ಪಿಸುತ್ತಾರೆ. ಸಾಲು ಸಾಲಾಗಿ ಒಂದೇ ಹೆಸರು ಬರತೊಡಗುತ್ತದೆ: ಸ್ಯಾಲಿಟಿ.

2003ರಿಂದ ಇರುವ ವೈರಸ್ ಇದು. ಮೊದಲಿನ ಹುಳುವಿನಂತೆ ಒಂದು ಸ್ಕ್ರಿಪ್ಟಾಗಿ ಮೂಲೆಯಲ್ಲಿ ಕೂರುವುದಲ್ಲ, ಡಿಸ್ಕಿನಲ್ಲಿರುವ ಪ್ರೋಗ್ರಾಂ ಫೈಲುಗಳ ಒಳಕ್ಕೇ ಸೇರಿಕೊಳ್ಳುತ್ತದೆ. ಪೆನ್‌ಡ್ರೈವ್, ನೆಟ್‌ವರ್ಕಿನ ಹಂಚಿಕೆಯ ಫೋಲ್ಡರ್ ಯಾವುದನ್ನೂ ಬಿಡುವುದಿಲ್ಲ. ಆಂಟಿವೈರಸ್ಸನ್ನು ಕೊಲ್ಲುತ್ತದೆ. ರಿಜಿಸ್ಟ್ರಿಯಲ್ಲಿ ಸೇಫ್ ಮೋಡಿಗೆ ಬೇಕಾದ ಸೇಫ್‌ಬೂಟ್ ಕೀಲಿಗಳನ್ನೇ ಅಳಿಸುತ್ತದೆ. ಆ ನೀಲಿ ಪರದೆ ಅದಕ್ಕೇ. ಹೊರಗಿನಿಂದ ಬೇರೆ ಕಳ್ಳ ತಂತ್ರಾಂಶಗಳನ್ನು ಇಳಿಸಿಕೊಳ್ಳುತ್ತದೆ.

“ಫಾರ್ಮ್ಯಾಟ್ ಹೊಡದಾಗ ಡಿ ಡ್ರೈವ್ ಏನ ಮಾಡಿದ್ರಿ?”

“ಅದನ್ನ ಬಿಟ್ಟೀವ್ರಿ. ಪ್ರಿಂಟರಿಂದು, ಸ್ಕ್ಯಾನರಿಂದು ಎಲ್ಲಾ ಸಾಫ್ಟ್‌ವೇರ್ ಅದರಾಗ ಅದಾವಲ್ರಿ. ಅಲ್ಲಿಂದನ ತಿರುಗಿ ಹಾಕಸ್ತೇನ್ರಿ.”

ಪರದೆಯ ಮೇಲೆ ಆ ಸಾಫ್ಟ್‌ವೇರುಗಳ ಹೆಸರೇ ಸರದಿಯಲ್ಲಿವೆ. ಸಿ ಡ್ರೈವನ್ನು ಅಳಿಸಿ, ಡಿ ಡ್ರೈವಿನ ಪ್ರಿಂಟರ್ ಸೆಟಪ್ ಒತ್ತಿದ ಕ್ಷಣಕ್ಕೆ ವೈರಸ್ ಹೊಸ ವಿಂಡೋಸಿಗೆ ಹೊಕ್ಕಿತ್ತು. ಯುವಕನಿಗೆ ಇದು ಅರ್ಥವಾಗುವುದನ್ನು ನೀವು ಅವನ ಮುಖದಲ್ಲೇ ನೋಡಬಹುದು.

ಇಲ್ಲಿ ಅಕ್ಕ ಅಂಕಿ ತಿದ್ದಲು ಕೂರುವುದಿಲ್ಲ. ಟಾಸ್ಕ್ ಮ್ಯಾನೇಜರನ್ನು ಮರಳಿ ತರಬಹುದು, ಸೇಫ್‌ಬೂಟ್ ಕೀಲಿಗಳನ್ನೂ ಬೇರೆ ಯಂತ್ರದಿಂದ ತಂದು ಕೂಡಿಸಬಹುದು. ಆದರೆ ಯಾವ ಫೈಲಿನೊಳಗೆ ಏನು ಉಳಿದಿದೆಯೋ ಹೇಳಲಾಗದ ಯಂತ್ರದಲ್ಲಿ ಜನರ ಆಧಾರ್, ಬ್ಯಾಂಕ್ ಖಾತೆಗಳ ಕೆಲಸ ನಡೆಯಬಾರದು. ಬೆಳಗ್ಗೆ ಫಾರ್ಮ್ಯಾಟಿಗೆ ಅಡ್ಡ ನಿಂತವರೇ ಈಗ ಅದನ್ನು ಹೇಳುತ್ತಾರೆ, ಪೂರ್ತಿಯಾಗಿ: ಎರಡೂ ಡ್ರೈವುಗಳು, ಎಲ್ಲ ವಿಭಾಗಗಳು. ಅದಕ್ಕೆ ಮೊದಲು ಲಿನಕ್ಸಿನಿಂದಲೇ ಸ್ಕ್ಯಾನ್ ಮಾಡಿದ ಕಾಗದಗಳು, ಫೋಟೋಗಳು, ಅರ್ಜಿಗಳ ಪಿಡಿಎಫ್‌ಗಳು ಹೊರಡುತ್ತವೆ. ಒಂದೇ ಒಂದು ಪ್ರೋಗ್ರಾಂ ಫೈಲೂ ದಾಟುವುದಿಲ್ಲ. ಪ್ರಿಂಟರಿನ ಸಾಫ್ಟ್‌ವೇರನ್ನು ತಯಾರಕರ ತಾಣದಿಂದ ಹೊಸದಾಗಿ ಇಳಿಸಬೇಕು. ಅಂಗಡಿಯ ಪೆನ್‌ಡ್ರೈವುಗಳೂ ಖಾಲಿಯಾಗಬೇಕು.

ಹೊಸ ವಿಂಡೋಸ್ ಏರತೊಡಗುತ್ತದೆ. ಮುಂದೆ ನಿಂತಿದ್ದ ಜನರನ್ನು ನಾಳೆ ಬರಲು ಹೇಳಿ ಕಳಿಸಿದ್ದಾಯಿತು. ಅಕ್ಕ ಸ್ಟೂಲು ಎಳೆದುಕೊಂಡು ಯುವಕನ ಎದುರು ಕೂರುತ್ತಾರೆ.

“ಈ ಸಿಸ್ಟಮಿನ್ಯಾಗ ಯಾರ್ಯಾರ ಬ್ಯಾಂಕ್ ತೆರದೀದಿ, ಯಾರ ಪಾಸ್‌ವರ್ಡ್ ಸೇವ್ ಮಾಡೀದಿ?”

“ಭಾಳ ಮಂದೀದು ಅದಾವ್ರಿ. ಅವರಿಗೆ ಬರೂದಿಲ್ಲಂತ ನಾನ ಮಾಡಿಕೊಡ್ತೀನ್ರಿ.”

“ನೆನಪಿದ್ದಷ್ಟು ಹೆಸರ ಬರಿ. ಪಾಸ್‌ವರ್ಡ್ ಎಲ್ಲಾ ಬದಲ ಆಗಬೇಕು, ಅದೂ ಅವರವರ ಫೋನಿನ್ಯಾಗ. ಯಾರ ರೊಕ್ಕಾ ಹೋಗಿದ್ರ ತಡಾ ಮಾಡದ ಸೈಬರ್ ಸಹಾಯವಾಣಿ 1930ಕ್ಕ ಫೋನ್ ಹಚ್ಚಬೇಕು.”

ಯುವಕ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಬರೆಯತೊಡಗುತ್ತಾನೆ. ಹೆಸರಿನ ಪಕ್ಕ ಊರು, ಊರಿನ ಪಕ್ಕ ನಂಬರು. ಪಟ್ಟಿ ಹಾಳೆಯ ಅರ್ಧ ದಾಟುತ್ತದೆ. ಗಿರಾಕಿಗಳು ಕೈಬಿಟ್ಟಾರು ಎಂಬ ಅಂಜಿಕೆ ಅವನಿಗಿದೆ, ಅದು ಕಾಣುತ್ತದೆ. ಆದರೂ ಫೋನು ಎತ್ತಿಕೊಂಡು ಮೊದಲ ನಂಬರು ಒತ್ತುತ್ತಾನೆ.

“ಹಲೋ ಮಾವಾರ, ನಾ ಝೆರಾಕ್ಸ್ ಅಂಗಡಿಯಾಂವ್ರಿ. ನಮ್ಮ ಸಿಸ್ಟಮಿಗೆ ವೈರಸ್ ಹೊಕ್ಕಿತ್ರಿ. ನಿಮ್ಮ ಬ್ಯಾಂಕಿನ ಪಾಸ್‌ವರ್ಡ್ ಇವತ್ತ ಬದಲ ಮಾಡಬೇಕ್ರಿ. ಇಲ್ರಿ, ನಾಳೆ ಅಲ್ಲ, ಇವತ್ತ. ಮಗಳು ಮನಿಯಾಗ ಅದಾಳೇನ್ರಿ? ಆಕಿ ಕೈಯಾಗ ಫೋನ್ ಕೊಡ್ರಿ, ಹೇಳಿಕೊಡ್ತೀನಿ.”